ಟಾರ್ಗೆಟ್ ಡ್ರೋನಿಗೂ ಒಂದು ಚೀಟಿ ಬೇಕು

ಸಂಚಿಕೆ ಮುಗಿಸೋ ಮುಂಚೆ ನಮ್ಮದೊಂದು ಅಭಿಪ್ರಾಯ.

ಇಂಗ್ಲಿಷಿನಲ್ಲಿ ಡ್ರೋನ್ ಅಂದ್ರೆ ಮೂಲತಃ ಗಂಡು ಜೇನು. ಅದಕ್ಕೆ ಚುಚ್ಚುವ ಮುಳ್ಳಿಲ್ಲ. ವಿಮಾನಕ್ಕೆ ಆ ಹೆಸರು ಬಂದದ್ದು 1930ರ ದಶಕದಲ್ಲಿ. ಬ್ರಿಟನ್ನಿನ ‘ಕ್ವೀನ್ ಬೀ’, ಅಂದ್ರೆ ರಾಣಿ ಜೇನು, ಪೈಲಟ್ ಇಲ್ಲದೆ ರೇಡಿಯೋ ಆದೇಶದ ಮೇಲೆ ಹಾರ್ತಿತ್ತು. ಕೆಳಗಿದ್ದವರು ಹಳೇ ಫೋನಿನಂಥ ಡಯಲ್ ತಿರುಗಿಸಿ ಅದನ್ನ ನಡೆಸ್ತಿದ್ದರು. ಅದರ ಕೆಲಸ ವಿಮಾನ ಹೊಡೆಯೋ ಫಿರಂಗಿಗಳಿಗೆ ಗುರಿಯಾಗೋದು. ಅದಕ್ಕೂ ಮುಳ್ಳಿರಲಿಲ್ಲ.

ನಾವಿರುವ ನ್ಯೂಜಿಲೆಂಡಿಗೆ ಇದರ ರೂಪ ಹೊಸದಲ್ಲ. ಕ್ವೀನ್ ಬೀ ಅಂದ್ರೆ ಟೈಗರ್ ಮಾತ್ ತರಬೇತಿ ವಿಮಾನದ ರೆಕ್ಕೆ, ಕೆಳಗೆ ಮರದ ಒಡಲು. ಎರಡನೇ ಮಹಾಯುದ್ಧದ ಕಾಲದಲ್ಲಿ ವೆಲ್ಲಿಂಗ್ಟನ್ನಿನ ರೊಂಗೊಟೈ ಕಾರ್ಖಾನೆಯಲ್ಲಿ ಟೈಗರ್ ಮಾತ್‌ಗಳು ತಯಾರಾಗ್ತಿದ್ದವು. ಇಲ್ಲಿ ಇಂದಿಗೂ ಕೆಲವು ಹಾರ್ತವೆ. ಕ್ವೀನ್ ಬೀಗಳು ಸುಮಾರು 400 ಆದರೂ ಉಳಿದದ್ದು ಬೆರಳೆಣಿಕೆಯಷ್ಟು. ಹೊಡೆಸಿಕೊಳ್ಳಲೆಂದೇ ಮಾಡಿದ ವಸ್ತು, ಮ್ಯೂಸಿಯಂ ತಲುಪೋದು ಕಷ್ಟವೇ.

ಹಾಗಾಗಿ ಇವುಗಳ ಸ್ಕೇಲ್ ಮಾಡೆಲ್‌ಗಳನ್ನ ಬರೀ ಆಟಿಕೆ ಅಂತ ತಳ್ಳಿಹಾಕಬಾರದು ಅನ್ನೋದು ನಮ್ಮ ವಾದ. ಅದರಲ್ಲೂ ಡೆಕಾಲ್‌ಗಳನ್ನ. ಅಂಟು ಬಳಿದ ಕಾಗದದ ಮೇಲೆ ಅಚ್ಚಾದ ತೆಳು ಪೊರೆ ಅದು. ನೀರಲ್ಲಿ ನೆನೆಸಿದ್ರೆ ಅಂಟು ಕರಗಿ, ಪೊರೆ ಜಾರಿ ಮಾಡೆಲ್ ಮೇಲೆ ಕೂರುತ್ತೆ. ಕೆಳಗಿನ ಬಣ್ಣ ನುಣುಪಾಗಿರದಿದ್ರೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಹೊಳೆಯುತ್ತೆ. ಆ ಪೊರೆಯಲ್ಲೇ ವಿಮಾನದ ಸಂಖ್ಯೆ, ದಳ, ಕಾಲ ಎಲ್ಲ ಇರೋದು.

ನಮ್ಮ ಕೀಟ ಸಂಗ್ರಹದಲ್ಲೂ ಹೀಗೇ. ಸೂಜಿಗೆ ಚುಚ್ಚಿದ ಜೀರುಂಡೆಯ ಕೆಳಗೆ ಒಂದು ಪುಟ್ಟ ಚೀಟಿ: ಎಲ್ಲಿ ಸಿಕ್ಕಿತು, ಯಾವಾಗ, ಯಾರು ಹಿಡಿದರು. ಚೀಟಿ ಕಳೆದ್ರೆ ಉಳಿಯೋದು ಬರೀ ಸತ್ತ ಹುಳ. ಡೆಕಾಲ್ ಮಾಡೆಲ್‌ನ ಚೀಟಿ. ಅಂದಾಜಿನಲ್ಲಿ ಅಂಟಿಸಿದ್ದು ತಪ್ಪು ಚೀಟಿ; ಇಲ್ಲದ್ದಕ್ಕಿಂತ ಕೆಟ್ಟದ್ದು.

ವೆಲ್ಲಿಂಗ್ಟನ್ನಿನ ವಿಂಗ್‌ನಟ್ ವಿಂಗ್ಸ್ ಕಂಪನಿ ಇದನ್ನ ಅರಿತಿತ್ತು. 2009ರಿಂದ ಮೊದಲ ಮಹಾಯುದ್ಧದ ವಿಮಾನಗಳ 1/32 ಕಿಟ್ ಮಾರಿದ ಅದು, ನಿಜವಾಗಿ ಹಾರಿದ ಒಂದೊಂದು ವಿಮಾನದ ಗುರುತನ್ನೂ ಹಳೇ ಫೋಟೋ ನೋಡಿ ಡೆಕಾಲ್‌ಗಿಳಿಸಿತು. 2020ರಲ್ಲಿ ಅದು ಮುಚ್ಚಿತು. ಅಂಥ ಶ್ರಮ ಯುದ್ಧವೀರರ ವಿಮಾನಗಳಿಗೆ ಸಿಕ್ಕಷ್ಟು ಗುರಿಯಾದವುಗಳಿಗೆ ಸಿಗಲ್ಲ. ಉಕ್ರೇನಿನ ಐಸಿಎಂ ಕಂಪನಿ ಅಮೆರಿಕದ ‘ಫೈರ್‌ಬೀ’ ಟಾರ್ಗೆಟ್ ಡ್ರೋನನ್ನ 1/48ರಲ್ಲಿ ತಂದದ್ದು ಅದಕ್ಕೇ ನಮಗೆ ಖುಷಿ.

ನಮ್ಮೂರಿನದೂ ಒಂದಿದೆ. ಬೆಂಗಳೂರಿನ ಎಡಿಇ ರೂಪಿಸಿದ, ಎಚ್‌ಎಎಲ್ ಎಂಜಿನ್ನಿನ ‘ಲಕ್ಷ್ಯ’, 2000ದಲ್ಲಿ ವಾಯುಪಡೆಗೆ ಸೇರಿತು. ಹಿಂದೆ ಕೇಬಲ್‌ಗೆ ಕಟ್ಟಿದ ಗುರಿಯನ್ನ ಎಳೆದೊಯ್ದು, ಕೊನೆಗೆ ಪ್ಯಾರಾಚೂಟ್ ಬಿಚ್ಚಿ ಇಳಿಯುತ್ತೆ. ಅದರ ಅಳತೆ, ಬಣ್ಣ, ಗುರುತುಗಳನ್ನ, ಗುಟ್ಟು ಬಿಟ್ಟುಕೊಡದಷ್ಟು ಮಟ್ಟಿಗೆ, ಹವ್ಯಾಸಿಗಳಿಗೆ ಕೊಡಬೇಕು ಅಂತ ನಾವು ಕೇಳ್ತೀವಿ. ಡ್ರೋನ್ ಅಂದ್ರೆ ಬಾಂಬ್ ಅಂತಷ್ಟೇ ಕೇಳಿ ಬೆಳೆಯೋ ಮಗು, ಮುಳ್ಳಿಲ್ಲದ ಈ ಡ್ರೋನನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.