ಗಣಿತದ ಪದವಿ: ಮೊದಲೇ ಹಾಕಬೇಕಾದ ಲೆಕ್ಕ

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ಮೇಲಿನ ಕೆಲವು ವಾರಗಳು ಅನೇಕ ಮನೆಗಳಲ್ಲಿ ಚಿಂತೆಯ ದಿನಗಳಾಗಿರುತ್ತವೆ. ಇಂಜಿನಿಯರಿಂಗ್ ಸೀಟು ದೊರೆಯದವರು, ದೊರೆತರೂ ಅದರ ವೆಚ್ಚವನ್ನು ಹೊರಲಾರದವರು, ಮೂಲ ವಿಜ್ಞಾನದಲ್ಲಿಯೇ ಒಲವುಳ್ಳವರು ಬಿ.ಎಸ್ಸಿ. ಕಡೆಗೆ ಮುಖಮಾಡುತ್ತಾರೆ. ಅವರಲ್ಲಿ ಗಣಿತವನ್ನು ಆರಿಸಿಕೊಂಡ ಮಕ್ಕಳ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಗಣಿತ ಓದಿದರೆ ಮುಂದೇನು?" ಈ ಪ್ರಶ್ನೆಯನ್ನು ಮೂರನೆಯ ವರ್ಷದ ಕೊನೆಗೆ ಕೇಳುವುದಕ್ಕೂ ಮೊದಲ ವರ್ಷದ ಅರ್ಜಿ ತುಂಬುವ ಮುನ್ನ ಕೇಳುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದಿಡಬೇಕೆಂದು ಬಯಸಿದ್ದೇವೆ.

ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಇತ್ತೀಚೆಗೆ ತಮ್ಮ ಮಗನನ್ನೂ ಮಗಳನ್ನೂ ಕರೆದುಕೊಂಡು ಬಂದಿದ್ದರು. ಮಗ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನಗಳನ್ನು ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವನು. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬುದು ಅವನ ಹಂಬಲ. ಆದರೆ ಅಧಿಸೂಚನೆಯ ಒಂದು ಸಾಲು ಅವನನ್ನು ತಡೆದು ನಿಲ್ಲಿಸಿತ್ತು. ಪದವಿಯಲ್ಲಿ ಸಂಖ್ಯಾಶಾಸ್ತ್ರವು ಒಂದು ವಿಷಯವಾಗಿರಬೇಕು, ಇಲ್ಲವೇ ಸಂಖ್ಯಾಶಾಸ್ತ್ರದಲ್ಲಿಯೇ ಸ್ನಾತಕೋತ್ತರ ಪದವಿ ಇರಬೇಕು ಎಂಬುದು ಆ ಸಾಲಿನ ತಾತ್ಪರ್ಯ. ಅವನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಜೋಡಣೆಯೂ ಇತ್ತು. ಕೇಳುವವರಿರಲಿಲ್ಲ, ಹೇಳುವವರೂ ಇರಲಿಲ್ಲ.

"ಗಣಿತ ಬಲ್ಲವನಿಗೆ ಸಂಖ್ಯಾಶಾಸ್ತ್ರ ಬಾರದೇ ಗುರುಗಳೆ?" ಎಂದು ತಂದೆ ನೊಂದು ಕೇಳಿದರು. ಕಲಿತರೆ ಬಂದೀತು, ಸಂದೇಹವಿಲ್ಲ. ಆದರೆ ನಿಯಮವು ವಿದ್ಯಾರ್ಥಿಗೆ ಏನು ಗೊತ್ತು ಎಂದು ಕೇಳುವುದಿಲ್ಲ, ಅಂಕಪಟ್ಟಿಯಲ್ಲಿ ಏನಿದೆ ಎಂದು ಕೇಳುತ್ತದೆ. ಮಗನ ದಾರಿ ಪೂರ್ತಿ ಮುಚ್ಚಿಲ್ಲ. ಗಣಿತ ಓದಿದವರಿಗೂ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಪ್ರವೇಶ ನೀಡುವ ಸಂಸ್ಥೆಗಳಿವೆ. ಆದರೆ ಮೊದಲೇ ಒಂದು ವಿಷಯವನ್ನು ಆರಿಸಿಕೊಂಡಿದ್ದರೆ ತೆರೆದಿರುತ್ತಿದ್ದ ಬಾಗಿಲಿಗೆ ಈಗ ಎರಡು ವರ್ಷಗಳ ಕಾಲವನ್ನೂ ಹಣವನ್ನೂ ತೆರಬೇಕಾಗಿದೆ. ಪಕ್ಕದಲ್ಲಿ ಕುಳಿತಿದ್ದ ಮಗಳು ಅದೇ ವಾರ ಬಿ.ಎಸ್ಸಿ. ಸೇರುವವಳಿದ್ದಳು. ಅಂದಿನ ನಮ್ಮ ಮಾತುಕತೆ ಅವಳಿಗಾಗಿ ನಡೆದದ್ದು.

ನಾವು ಗಣಿತಜ್ಞರಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿದವರು. ಆದರೂ ವಿದ್ಯೆಗೆ ಒಂದು ಕ್ರಮವುಂಟೆಂಬುದನ್ನು ಅಲ್ಲಿಯೇ ಅರಿತೆವು. ಶಬ್ದರೂಪಗಳು ಬಾಯಿಗೆ ಬಾರದೆ ಸಂಧಿ, ಸಮಾಸಗಳಿಲ್ಲ, ಅವಿಲ್ಲದೆ ಕಾವ್ಯವಿಲ್ಲ. ಬಲ್ಲ ಪ್ರಾಧ್ಯಾಪಕರನ್ನು ವಿಚಾರಿಸಿದಾಗ ಗಣಿತದಲ್ಲಿಯೂ ಈ ಕ್ರಮವೇ ಇನ್ನಷ್ಟು ಕಟ್ಟುನಿಟ್ಟಾಗಿದೆ ಎಂದು ತಿಳಿಯಿತು.

ನಮ್ಮ ರಾಜ್ಯದ ಪದವಿ ವ್ಯವಸ್ಥೆ ಇತ್ತೀಚಿನ ವರ್ಷಗಳಲ್ಲಿ ಎರಡು ಸಲ ಬದಲಾಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 4 ವರ್ಷಗಳ ಪದವಿ ಜಾರಿಗೆ ಬಂದಿತು. 2024-25ರಿಂದ ಮರಳಿ 3 ವರ್ಷಗಳ, 6 ಸೆಮಿಸ್ಟರುಗಳ, ಮೂರು ಮುಖ್ಯ ವಿಷಯಗಳ ಪದ್ಧತಿಗೆ ಸರ್ಕಾರ ಬಂದಿದೆ. ಆದುದರಿಂದ ಅಣ್ಣನೋ ಅಕ್ಕನೋ ಓದಿದ ಕ್ರಮವೇ ತಮಗೂ ಇರುವುದೆಂದು ಮಕ್ಕಳು ಭಾವಿಸಬಾರದು. ಸೇರುವ ಕಾಲೇಜಿನ, ಆ ವಿಶ್ವವಿದ್ಯಾಲಯದ ಈ ವರ್ಷದ ಪಠ್ಯಕ್ರಮವನ್ನೇ ತರಿಸಿ ಓದಬೇಕು.

ಯಾವ ಉದ್ಯೋಗದ ಕಡೆಗೆ ಹೋಗುವವರಿಗೂ ಬಿಡಲಾಗದ ಕೆಲವು ಪಾಠಗಳಿವೆ. ಇವು ಮರದ ಕಾಂಡವಿದ್ದಂತೆ. ಮೊದಲನೆಯದು ಕಲನಶಾಸ್ತ್ರ, ಅದರ ಬೆನ್ನಿಗೆ ಅವಕಲ ಸಮೀಕರಣಗಳು. ಎರಡನೆಯದು ಮಾತೃಕೆಗಳಿಂದ ಆರಂಭವಾಗುವ ರೇಖೀಯ ಬೀಜಗಣಿತ. ಮೂರನೆಯದು ವಿದ್ಯಾರ್ಥಿಗಳು 'ರಿಯಲ್ ಅನಾಲಿಸಿಸ್' ಎಂದು ಕರೆಯುವ ವಾಸ್ತವ ವಿಶ್ಲೇಷಣೆ. ಕಲನಶಾಸ್ತ್ರದಲ್ಲಿ ನಂಬಿ ಬಳಸಿದ ಸೂತ್ರಗಳು ಏಕೆ ನಿಜವೆಂಬುದನ್ನು ಇಲ್ಲಿ ಸಾಧಿಸಿ ತೋರಿಸಬೇಕಾಗುತ್ತದೆ. ಬಹುಮಂದಿ ಎಡವುವುದು ಇಲ್ಲಿಯೇ. ಅಲ್ಲಿಯವರೆಗೆ ಲೆಕ್ಕ ಬಿಡಿಸುವುದೇ ಗಣಿತವೆಂದುಕೊಂಡಿದ್ದ ವಿದ್ಯಾರ್ಥಿಗೆ ಸಾಧನೆಯನ್ನು ವಾಕ್ಯವಾಗಿ ಬರೆಯುವುದು ಹೊಸತು. ನಾಲ್ಕನೆಯದು ಗ್ರೂಪ್, ರಿಂಗ್ ಮೊದಲಾದವುಗಳನ್ನು ಒಳಗೊಂಡ ಅಮೂರ್ತ ಬೀಜಗಣಿತ. ಇವುಗಳೊಡನೆ ಸಂಭವನೀಯತೆಯನ್ನೂ ಒಂದು ಕಂಪ್ಯೂಟರ್ ಭಾಷೆಯನ್ನೂ ಕಲಿತವನು ಯಾವ ಕೊಂಬೆಗೂ ಏರಬಲ್ಲನು.

ಇನ್ನು ಕೊಂಬೆಗಳ ವಿಚಾರ.

ಮೊದಲನೆಯದು ಅಧ್ಯಾಪನ. ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಶಿಕ್ಷಕರ ಹುದ್ದೆ ಪಿ.ಸಿ.ಎಂ. ಎಂದೇ ಹೆಸರಾಗಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೋಡಣೆ ಇಲ್ಲಿ ನೇರವಾದ ದಾರಿ. ಪದವಿಯಲ್ಲಿ ಯಾವ ಯಾವ ವಿಷಯಗಳಿರಬೇಕೆಂಬುದನ್ನು ನೇಮಕಾತಿಯ ಅಧಿಸೂಚನೆಯೇ ನಿಗದಿಪಡಿಸುತ್ತದೆ. ಹಿಂದಿನ ಅಧಿಸೂಚನೆಯೊಂದನ್ನು ಮೊದಲ ವರ್ಷದಲ್ಲಿಯೇ ಓದಿಕೊಂಡಿರುವುದು ಜಾಣತನ. ಮೂರು ವರ್ಷಗಳ ಪದವಿಯ ಮೇಲೆ 2 ವರ್ಷಗಳ ಬಿ.ಎಡ್. ಬೇಕು. 8ನೆಯ ತರಗತಿಯವರೆಗಿನ ಶಿಕ್ಷಕರಿಗೆ ಟಿ.ಇ.ಟಿ. ಪರೀಕ್ಷೆಯ ಅರ್ಹತೆಯೂ ಬೇಕು. ಪದವಿ ಕಾಲೇಜಿನಲ್ಲಿ ಪಾಠ ಹೇಳಬೇಕೆನ್ನುವವರಿಗೆ ಎಂ.ಎಸ್ಸಿ.ಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕಗಳು, ಜೊತೆಗೆ ಎನ್.ಇ.ಟಿ. ಅಥವಾ ಕೆ-ಸೆಟ್ ತೇರ್ಗಡೆ ಬೇಕಾಗುತ್ತದೆ.

ಎರಡನೆಯದು ಸಂಖ್ಯಾಶಾಸ್ತ್ರ ಮತ್ತು ವಿಮೆಯ ಗಣಿತ. ಇಲ್ಲಿ ಗಣಿತದ ಜೊತೆಗೆ ಸಂಖ್ಯಾಶಾಸ್ತ್ರ, ಸಾಧ್ಯವಾದರೆ ಅರ್ಥಶಾಸ್ತ್ರ ಇರಬೇಕು. ಸಾಂಖ್ಯಿಕ ಸೇವೆಯ ಮಾತನ್ನು ಮೇಲೆ ಹೇಳಿದ್ದೇವೆ. ವಿಮಾ ಸಂಸ್ಥೆಗಳಲ್ಲಿ ಆಯುಷ್ಯ, ಅಪಾಯ, ಬಡ್ಡಿಗಳ ಲೆಕ್ಕ ಕಟ್ಟಿ ಕಂತನ್ನು ನಿರ್ಧರಿಸುವವರನ್ನು ಆಕ್ಚುಯರಿ ಎನ್ನುತ್ತಾರೆ. 2006ರ ಆಕ್ಚುಯರಿಗಳ ಅಧಿನಿಯಮದ ಅಡಿಯಲ್ಲಿರುವ ಭಾರತೀಯ ಆಕ್ಚುಯರಿಗಳ ಸಂಸ್ಥೆಯು ಇದಕ್ಕೆ ಪರೀಕ್ಷೆ ನಡೆಸುತ್ತದೆ. ಇದರ ಪ್ರವೇಶ ಪರೀಕ್ಷೆಗೆ 12ನೆಯ ತರಗತಿ ಮುಗಿಸಿದವರೂ ಕುಳಿತುಕೊಳ್ಳಬಹುದು. ಪದವಿ ಮುಗಿಯಲೆಂದು ಕಾಯಬೇಕಾಗಿಲ್ಲ. ಆದರೆ ಮುಂದೆ ಒಂದೊಂದಾಗಿ ದಾಟಬೇಕಾದ ಪತ್ರಿಕೆಗಳು ಹಲವು. ವರ್ಷಗಳ ತಾಳ್ಮೆಯಿರುವವರಿಗೆ ಮಾತ್ರ ಒಗ್ಗುವ ದಾರಿಯಿದು.

ಮೂರನೆಯದು ಕಂಪ್ಯೂಟರ್ ಕ್ಷೇತ್ರ. ಗಣಿತ, ಕಂಪ್ಯೂಟರ್ ವಿಜ್ಞಾನಗಳ ಜೋಡಣೆ ಪಡೆದವರು ಎಂ.ಸಿ.ಎ. ಕಡೆಗೆ ಹೋಗಬಹುದು; ಈಗ ಅದು 2 ವರ್ಷಗಳ ವ್ಯಾಸಂಗ, ನಮ್ಮಲ್ಲಿ ಪಿ.ಜಿ.ಸಿ.ಇ.ಟಿ. ಮೂಲಕ ಪ್ರವೇಶ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಇಂದು ಎಲ್ಲರ ಬಾಯಲ್ಲಿರುವ ದತ್ತಾಂಶ ವಿಜ್ಞಾನ, ಕೃತಕ ಬುದ್ಧಿಮತ್ತೆಗಳ ಅಡಿಗಲ್ಲು ರೇಖೀಯ ಬೀಜಗಣಿತ, ಸಂಭವನೀಯತೆ ಮತ್ತು ಕಲನಶಾಸ್ತ್ರಗಳೇ ಆಗಿವೆ. ಕಂಪ್ಯೂಟರಿನ ಮೋಹದಲ್ಲಿ ಗಣಿತದ ಪತ್ರಿಕೆಗಳನ್ನು ಅಂಕಕ್ಕಷ್ಟೇ ಓದಿ ಬಿಟ್ಟವರು ಅಡಿಗಲ್ಲಿಲ್ಲದೆ ಗೋಡೆ ಎಬ್ಬಿಸಿದಂತೆ ಆಗುತ್ತದೆ.

ನಾಲ್ಕನೆಯದು ಸಂಶೋಧನೆ. ಇಲ್ಲಿ ಜೋಡಣೆಗಿಂತ ಗಣಿತದ ಆಳ ಮುಖ್ಯ. ಐ.ಐ.ಟಿ.ಗಳ ಎಂ.ಎಸ್ಸಿ.ಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೂ 'ಜಾಮ್' ಎಂಬ ಪರೀಕ್ಷೆಯ ಮೂಲಕ ಪ್ರವೇಶವಿದೆ. ಅದರಲ್ಲಿ ಕೇಳುವುದು ಬಹುಪಾಲು ಮೇಲೆ ಹೇಳಿದ ಕಾಂಡದ ಪಾಠಗಳನ್ನೇ. ಬೇಸಿಗೆಯ ರಜೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಾಧನೆಯ ಗಣಿತವನ್ನು ಕಲಿಸುವ ಎಂ.ಟಿ.ಟಿ.ಎಸ್. ಎಂಬ ಶಿಬಿರ 1993ರಲ್ಲಿ ಆರಂಭವಾಯಿತು. ಸಣ್ಣ ಊರಿನ ಕಾಲೇಜುಗಳ ಮಕ್ಕಳಿಗೆ ಇಂತಹ ಶಿಬಿರಗಳ ಸುದ್ದಿಯನ್ನು ಅಧ್ಯಾಪಕರು ತಪ್ಪದೆ ಮುಟ್ಟಿಸಬೇಕು.

ಇಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದ ಮಹನೀಯರೊಬ್ಬರನ್ನು ನೆನೆಯುವುದು ಉಚಿತ. ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿ, ಕೆಲಸವೊಂದರ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದರು. ಆ ಕೆಲಸ ದೊರೆಯಲಿಲ್ಲ. ಅಲ್ಲಿ ಭೇಟಿಯಾದವರೊಬ್ಬರಿಂದ ಭಾರತೀಯ ಸಾಂಖ್ಯಿಕ ಸಂಸ್ಥೆಯ ವಿಚಾರ ತಿಳಿದು 1941ರಲ್ಲಿ ಅಲ್ಲಿಗೆ ಸೇರಿದರು. 1943ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದ ಎಂ.ಎ. ಪಡೆದರು. 1945ರಲ್ಲಿ, ತಮ್ಮ ಇಪ್ಪತ್ತೈದರ ಹರೆಯದಲ್ಲಿ, ಪ್ರಕಟಿಸಿದ ಲೇಖನದಿಂದಲೇ ಅವರ ಹೆಸರು ಲೋಕದ ಪಠ್ಯಪುಸ್ತಕಗಳನ್ನು ಸೇರಿತು. 2023ರ ಆಗಸ್ಟಿನಲ್ಲಿ, 102ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕಾಂಡ ಗಟ್ಟಿಯಾಗಿದ್ದರೆ ತಡವಾಗಿಯಾದರೂ ಹೊಸ ಕೊಂಬೆ ಚಿಗುರೀತು ಎಂಬುದಕ್ಕೆ ಇದು ನಿದರ್ಶನ. ಆದರೆ ಅವರಿಗೆ ದಾರಿ ತೋರಿದ್ದು ಒಂದು ಆಕಸ್ಮಿಕ ಭೇಟಿ. ನಮ್ಮ ಮಕ್ಕಳ ಬಾಳನ್ನು ಆಕಸ್ಮಿಕಕ್ಕೆ ಬಿಟ್ಟುಕೊಡುವುದು ತರವಲ್ಲ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಒಂದು ಹಾಳೆಯಲ್ಲಿ ಆರು ಸೆಮಿಸ್ಟರುಗಳಿಗೆ ಆರು ಅಂಕಣಗಳನ್ನು ಎಳೆಯಿರಿ. ಬಲತುದಿಯಲ್ಲಿ, ಪದವಿಯ ನಂತರ ಮಗ ಅಥವಾ ಮಗಳು ಬರೆಯಬೇಕೆಂದಿರುವ ಪರೀಕ್ಷೆಯನ್ನೋ ಸೇರಬೇಕೆಂದಿರುವ ವ್ಯಾಸಂಗವನ್ನೋ ಬರೆಯಿರಿ. ಅದರ ಅರ್ಹತಾ ನಿಯಮವನ್ನು ಅಧಿಸೂಚನೆಯಿಂದಲೇ ನಕಲು ಮಾಡಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಐದನೆಯ ಸೆಮಿಸ್ಟರಿನಲ್ಲಿ ಬೇಕಾದ ಪಾಠಕ್ಕೆ ಮೂರನೆಯದರಲ್ಲಿ ಏನು ಓದಿರಬೇಕು, ಅದಕ್ಕೆ ಮೊದಲನೆಯದರಲ್ಲಿ ಏನು ಆರಿಸಿರಬೇಕು ಎಂದು ತುಂಬುತ್ತ ಬನ್ನಿ. ಆ ಜೋಡಣೆ ಕಾಲೇಜಿನಲ್ಲಿ ಇದೆಯೇ, ಪಾಠ ಹೇಳುವ ಅಧ್ಯಾಪಕರಿದ್ದಾರೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಹೋಗಿ ವಿಚಾರಿಸಿ. ಭಾಷೆಯ ಪತ್ರಿಕೆಗಳನ್ನೂ ಕಡೆಗಣಿಸಬೇಡಿ. ಶ್ರೀನಿವಾಸ ರಾಮಾನುಜನ್ ಅವರಂತಹ ಪ್ರತಿಭಾವಂತರೂ ಗಣಿತವಲ್ಲದ ವಿಷಯಗಳಲ್ಲಿ ಹಿಂದುಳಿದು ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಳ್ಳಬೇಕಾಯಿತು.

ಅಂದು ನಮ್ಮೆದುರಿಗೆ ಆ ಹಾಳೆ ಸಿದ್ಧವಾಯಿತು. ಮಗನಿಗಾದುದನ್ನು ಕಂಡು ನೊಂದಿದ್ದ ತಂದೆ, ಮಗಳು ಸಂಖ್ಯಾಶಾಸ್ತ್ರವನ್ನೇ ತೆಗೆದುಕೊಳ್ಳಲೆಂದು ಪಟ್ಟು ಹಿಡಿದರು. ಮಗಳು ತಲೆ ತಗ್ಗಿಸಿಯೇ, ಆದರೆ ಸ್ಪಷ್ಟವಾಗಿ ಹೇಳಿದಳು: "ಅಪ್ಪಾ, ನನಗೆ ಲೆಕ್ಕ ಹೇಳಿಕೊಡೋದು ಇಷ್ಟ. ಓಣಿ ಮಕ್ಕಳಿಗೆ ಈಗಲೂ ಹೇಳಿಕೊಡ್ತೀನಲ್ಲ." ಪ್ರೌಢಶಾಲೆಯ ಶಿಕ್ಷಕಿಯಾಗಬೇಕಾದರೆ ಅವಳಿಗೆ ಪಿ.ಸಿ.ಎಂ. ಬೇಕು. ಅದನ್ನು ಆರಿಸಿಕೊಂಡರೆ ಅಣ್ಣ ಬಯಸಿದ ಸಾಂಖ್ಯಿಕ ಸೇವೆಯ ಬಾಗಿಲು ಪದವಿಯ ಮಟ್ಟದಲ್ಲಿ ಅವಳಿಗೂ ಮುಚ್ಚುತ್ತದೆ. ಎರಡೂ ಒಂದೇ ಜೋಡಣೆಯಲ್ಲಿ ದೊರೆಯುವಂತಿರಲಿಲ್ಲ.

ನಾವು ತಂದೆಗೆ ಹೇಳಿದ್ದು ಇಷ್ಟೇ. ಮೂರು ವಿಷಯಗಳನ್ನು ಆರಿಸಿದವರು ಉಳಿದವನ್ನು ಬಿಟ್ಟಂತೆಯೇ. ಎಲ್ಲ ಬಾಗಿಲುಗಳನ್ನೂ ತೆರೆದಿಡುವ ಪದವಿ ಯಾವುದೂ ಇಲ್ಲ. ತಮ್ಮ ಮಗ ಒಂದು ಬಾಗಿಲನ್ನು ಕಳೆದುಕೊಂಡದ್ದಕ್ಕಿಂತ, ಅದು ಮುಚ್ಚುತ್ತಿದೆಯೆಂಬುದು ತಿಳಿಯದೆ ಕಳೆದುಕೊಂಡದ್ದೇ ಹೆಚ್ಚಿನ ನಷ್ಟ. ಮಗಳು ತಿಳಿದು ಬಿಡುತ್ತಿದ್ದಾಳೆ. ಅವಳಿಗೆ ಆ ಪಶ್ಚಾತ್ತಾಪವಿರದು. ಬಿ.ಎಡ್. ಬೇಡವೆನಿಸಿದರೆ ಗಣಿತದ ಎಂ.ಎಸ್ಸಿ. ಅವಳಿಗೆ ತೆರೆದೇ ಇದೆ.

ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, ಹಾಳೆಯನ್ನು ಮಡಿಸಿ ಮಗಳ ಕೈಗೆ ಕೊಟ್ಟರು. ಅದನ್ನು ಮೊದಲು ಬಿಚ್ಚಿ ನೋಡಿದವನು ಅಣ್ಣ; ತನ್ನ ಎಂ.ಎಸ್ಸಿ. ಪ್ರವೇಶಕ್ಕೂ ಅಂಥದೇ ಒಂದು ಹಾಳೆ ಬೇಕೆಂದು ಕೇಳಿದನು.

ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಮನೆಗಳಲ್ಲಿ ಅರ್ಜಿ ತುಂಬುವ ಮುನ್ನ ಒಂದು ಸಂಜೆ ಇಂಥದೊಂದು ಹಾಳೆಯ ಮುಂದೆ ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತುಕೊಳ್ಳಲಿ, ಮಾತು ಮಕ್ಕಳಿಂದ ಮೊದಲಾಗಲಿ ಎಂಬುದು ನಮ್ಮ ಹಾರೈಕೆ.