ಪಡಸಾಲೆಗೆ ಬೀಗ

ಮಾನ್ವಿಯಲ್ಲಿ ನನ್ನ ಮನೆ ಹುಡುಕಿ ಬರುವವರು ನಂಬರು ಕೇಳುವುದಿಲ್ಲ. 'ಕನ್ನಡ ಟೀಚರ್ ಮನಿ ಎಲ್ಲೈತ್ರೀ?' ಅಂದರೆ ಸಾಕು, ಅಂಗಡಿಯವರು ಕೈ ಮಾಡಿ ತೋರಿಸುತ್ತಾರೆ. ಬಂದವರು ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಹೋಗುತ್ತಾರೆ. ಒಳಗಿನ ಟ್ರಂಕಿಗೆ ಯಾರೂ ಕೈ ಹಾಕುವುದಿಲ್ಲ.

ಕಂಪ್ಯೂಟರಿನಲ್ಲೂ ಇಂಥ ಪಡಸಾಲೆ ಉಂಟೆಂದು ತಿಳಿಸಿದವನು ಮಗ. ಅವನ ಎಂಜಿನಿಯರಿಂಗ್ ಕಾಲೇಜಿನ ಸರ್ವರಿನಲ್ಲಿ ಪ್ರತಿ ವಿದ್ಯಾರ್ಥಿಗೂ ಹೋಮ್ ಡೈರೆಕ್ಟರಿ ಎಂಬ ಒಂದು ಮನೆ. ಅದರೊಳಗೆ 'ಪಬ್ಲಿಕ್ ಎಚ್‌ಟಿಎಂಎಲ್' ಎಂಬ ಫೋಲ್ಡರು. ಕಾಲೇಜಿನ ವಿಳಾಸದ ಮುಂದೆ ಟಿಲ್ಡೆ ಎಂಬ ಅಲೆಯಂಥ ಗೆರೆ ಎಳೆದು, ಅದಕ್ಕಂಟಿ ಅವನ ಹೆಸರು ಬರೆದರೆ, ಅಪಾಚೆ ಎಂಬ ತಂತ್ರಾಂಶ ನೇರ ಆ ಫೋಲ್ಡರಿಗೆ ಕರೆದೊಯ್ಯುತ್ತದೆ. ಉಳಿದ ಕೋಣೆಗಳಿಗೆ ಆ ದಾರಿಯಲ್ಲಿ ಪ್ರವೇಶವಿಲ್ಲ.

2016ರಲ್ಲಿ ನನ್ನ ಟಿಪ್ಪಣಿಗಳನ್ನು ಅವನು ಅಲ್ಲಿ ಹಾಕಿದ. ಚೀಕಲಪರವಿಯ ವಿಜಯದಾಸರು, ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರು, ಎಲ್ಲ ನಮ್ಮ ತಾಲ್ಲೂಕಿನವರೇ. ಜಾಹೀರಾತಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮಕ್ಕಳು ಆ ವಿಳಾಸವನ್ನು ನೋಟ್‌ಬುಕ್ಕಿನ ಹಿಂಪುಟದಲ್ಲಿ ಬರೆದುಕೊಂಡರು. ಮರುವರ್ಷ ಒಂದು ದಿನ ನೋಡಿದರೆ ಪುಟವೇ ಇಲ್ಲ! ಅಪಾಚೆಯಲ್ಲಿ 'ಯೂಸರ್‌ಡೈರ್' ಎಂಬ ಒಂದು ಸಾಲಿರುತ್ತದಂತೆ. ಅದರ ಮುಂದೆ 'ಡಿಸೇಬಲ್ಡ್' ಎಂದು ಬರೆದಿದ್ದರು.

'ಅವ್ವಾ, ಫೈಲೆಲ್ಲ ಅಲ್ಲೇ ಅದಾವ, ಬಾಗ್ಲ ಹಾಕ್ಯಾರ' ಅಂದ ಮಗ.

ಕೇಳಿದ್ದಕ್ಕೆ ಬಂದ ಉತ್ತರ: ಭದ್ರತೆ. ಆ ಮಾತು ಪೂರ್ತಿ ಸುಳ್ಳಲ್ಲ. ಇರುವ ಹೆಸರಿಗೆ 'ಪ್ರವೇಶವಿಲ್ಲ', ಇಲ್ಲದ ಹೆಸರಿಗೆ 'ಸಿಗಲಿಲ್ಲ' ಎಂದು ಸರ್ವರು ಬೇರೆಬೇರೆ ಉತ್ತರ ಕೊಟ್ಟರೆ, ಯಾರಿಗೆ ಖಾತೆಯಿದೆಯೆಂದು ಕಳ್ಳನಿಗೆ ಗೊತ್ತಾಗುತ್ತದೆ. ಆದರೆ ಎಲ್ಲರಿಗೂ ಮುಚ್ಚಿ, ಬೇಕಾದವರ ಹೆಸರಿಗಷ್ಟೇ ತೆರೆಯುವ ಅನುಕೂಲ ಅದೇ ತಂತ್ರಾಂಶದಲ್ಲಿದೆ. ಪುಟ ತೋರಿಸಿ, ಪ್ರೋಗ್ರಾಮು ಓಡದಂತೆ ತಡೆಯಲೂ ಬರುತ್ತದೆ. ಒಬ್ಬ ಹುಡುಗ ಗೋಡೆಗೆ ಗೀಚಿದನೆಂದು ಇಡೀ ಶಾಲೆಯ ಸೀಮೆಸುಣ್ಣ ಕಿತ್ತುಕೊಳ್ಳುತ್ತಾರೆಯೇ? (ಹಾಗೆ ಮಾಡಿದ ಹೆಡ್‌ಮಾಸ್ತರರನ್ನೂ ಕಂಡಿದ್ದೇನೆ, ಆ ಮಾತು ಬೇರೆ.)

'ಫೇಸ್‌ಬುಕ್ಕಿನಾಗ ಹಾಕ್ರೀ ಟೀಚರ್' ಎಂದು ಬುದ್ಧಿ ಹೇಳುವವರಿಗೇನೂ ಕಡಿಮೆಯಿಲ್ಲ. ಅದು ಪಡಸಾಲೆಯಲ್ಲ, ಸಂತೆ. ಅಲ್ಲಿ ಜಾಗ ಕೊಟ್ಟವನದೇ ಕಟ್ಟಳೆ. ಯಾಹೂ ಕಂಪನಿ 2009ರಲ್ಲಿ ಅಮೆರಿಕದ ಜಿಯೋಸಿಟೀಸ್ ಮುಚ್ಚಿದಾಗ ಲಕ್ಷಗಟ್ಟಲೆ ಪುಟಗಳು ವಿಳಾಸ ಕಳೆದುಕೊಂಡವು. ಕಾಲೇಜಾದರೂ ಕಂಪನಿಗಿಂತ ಭಿನ್ನವಾಗಿರಬೇಡವೇ?

ಮುಚ್ಚಲೇಬೇಕೆಂದರೆ ತಿಂಗಳು ಮೊದಲೇ ತಿಳಿಸಿ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಒಂದು ಸಾಲು ಸೇರಿಸಿ. ಅದಕ್ಕೆ ಕಾಸೇನೂ ಖರ್ಚಾಗುವುದಿಲ್ಲ. ನನ್ನ ಟಿಪ್ಪಣಿ ಈಗ ಬೇರೆ ಕಡೆ ಇದೆ. ಆದರೆ ನೋಟ್‌ಬುಕ್ಕಿನ ಹಿಂಪುಟದಲ್ಲಿ ಆ ಅಲೆಗೆರೆಯ ವಿಳಾಸ ಬರೆದುಕೊಂಡ ಹುಡುಗಿಯರು ಶಾಲೆ ಬಿಟ್ಟು ಎಷ್ಟೋ ವರ್ಷವಾಯಿತು. ಅವರಿಗೆ ಯಾರು ಹೇಳುತ್ತಾರೆ?