ಕೊನೆಯ ಮೂರು ಸೆಕೆಂಡು ಯಾರ ಸೊತ್ತು?



ಬಾಸ್ಕೆಟ್‌ಬಾಲ್ ಪಂದ್ಯದ ಅಂತಿಮ ಗಳಿಗೆಯಲ್ಲಿ ನಿರ್ಣಾಯಕರು ಆಟ ನಿಲ್ಲಿಸಿ, ದೃಶ್ಯವನ್ನು ಪುನಃ ಪರಿಶೀಲಿಸಿ, ಗಡಿಯಾರವನ್ನು ತಿದ್ದುವುದನ್ನು ಕಂಡು ಕೆಲವರು ಮೂಗು ಮುರಿಯುತ್ತಾರೆ. ‘ಅರ್ಧ ಸೆಕೆಂಡಿಗೆ ಇಷ್ಟೊಂದು ರಗಳೆಯೇ? ಆಟದ ರಸವೇ ಕೆಟ್ಟಿತು’ ಎಂಬುದು ಅವರ ಆಕ್ಷೇಪ. ಇದನ್ನು ನಾನು ಒಪ್ಪಲಾರೆ. ರಸ ಕೆಡುವುದು ನೋಡುವವನಿಗೆ. ನ್ಯಾಯ ಕೆಟ್ಟರೆ ನಷ್ಟ ಆಡಿದವನಿಗೆ.

ಅರ್ಧ ಸೆಕೆಂಡು ಅಲ್ಪವೆನ್ನುವವರು ನಿಯಮವನ್ನು ಓದಲಿ. ಗಡಿಯಾರದಲ್ಲಿ 0.3 ಸೆಕೆಂಡು ಉಳಿದಿದ್ದರೆ ಹೊರಗಿನಿಂದ ಬಂದ ಚೆಂಡನ್ನು ಹಿಡಿದು ಬುಟ್ಟಿಗೆ ಎಸೆಯಬಹುದು, 0.2 ಉಳಿದಿದ್ದರೆ ಹಿಡಿದು ಎಸೆಯುವಂತಿಲ್ಲ, ತಟ್ಟಿ ಅಥವಾ ನೇರವಾಗಿ ಬುಟ್ಟಿಯೊಳಗೆ ತುರುಕಿ ಮಾತ್ರ ಅಂಕ ಪಡೆಯಬೇಕು. ಸೆಕೆಂಡಿನ ಹತ್ತನೆಯ ಒಂದು ಪಾಲಿಗೇ ಇಷ್ಟು ಬೆಲೆ! 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್ಪಿನ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಕಜಕಿಸ್ತಾನವನ್ನು ಸೋಲಿಸಿದ್ದು 75–73ರಿಂದ, ಕೇವಲ ಒಂದು ಬುಟ್ಟಿಯ ಅಂತರದಿಂದ.

‘ನಿರ್ಣಾಯಕರ ಮಾತೇ ಅಂತಿಮ, ತಿದ್ದಿದರೆ ಅವರ ಗೌರವ ಹೋಯಿತು’ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗೆ ಮರು ಎಣಿಕೆ, ಮರು ಮೌಲ್ಯಮಾಪನಗಳಿವೆ. ಅದರಿಂದ ಮೌಲ್ಯಮಾಪಕರ ಮಾನ ಹೋಯಿತೇ? ಪರೀಕ್ಷೆಯ ಮೇಲಿನ ನಂಬಿಕೆ ಹೆಚ್ಚಿತಲ್ಲವೇ?

ಆದರೆ ತಿದ್ದುವವರು ಯಾರು, ಯಾವ ನಿಯಮದಂತೆ ಎಂಬುದೇ ಮುಖ್ಯ. 1972ರ ಮ್ಯೂನಿಕ್ ಒಲಿಂಪಿಕ್ಸ್ ಅಂತಿಮ ಪಂದ್ಯದಲ್ಲಿ ಅಮೆರಿಕ 50–49ರಿಂದ ಮುಂದಿದ್ದಾಗ, ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ ಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ಸಾಲಿನಿಂದ ಇಳಿದು ಬಂದು, ಮೂರು ಸೆಕೆಂಡು ಮರಳಿ ಕೊಡಿರೆಂದರು. ಆ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಲಾಯಿತು. ಕೊನೆಗೆ ಅಲೆಕ್ಸಾಂಡರ್ ಬೆಲೊವ್ ಬುಟ್ಟಿಗೆ ಚೆಂಡು ಹಾಕಿದರು, ಸೋವಿಯತ್ ತಂಡ 51–50ರಿಂದ ಗೆದ್ದಿತು. ಗಡಿಯಾರ ತಿದ್ದಬೇಕಾಗಿತ್ತೋ ಇಲ್ಲವೋ, ಜೋನ್ಸರಿಗೆ ಆ ಅಧಿಕಾರವಂತೂ ಇರಲಿಲ್ಲ. ಮನವಿ ಮಂಡಳಿಯಲ್ಲಿ ಅಮೆರಿಕದ ದೂರು 3–2ರಿಂದ ಬಿದ್ದುಹೋಯಿತು. ಆ ತಂಡದ ಆಟಗಾರರು ಬೆಳ್ಳಿ ಪದಕವನ್ನು ಮುಟ್ಟಲೇ ಇಲ್ಲ. ದೊಡ್ಡವರ ಬಾಯಿಮಾತಿನ ತಿದ್ದುಪಡಿ ಗಾಯವಾಗುತ್ತದೆ. ನಿಯಮದ ತಿದ್ದುಪಡಿ ಮದ್ದಾಗುತ್ತದೆ.

ಇನ್ನು ನಮ್ಮೂರಿಗೆ ಬರೋಣ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದ್ದನ್ನು ಊರೇ ಕಾಣುತ್ತದೆ. ಆದರೆ ಶಾಲಾ ಕಬಡ್ಡಿಯಲ್ಲಿ ದಾಳಿಯ 30 ಸೆಕೆಂಡು ಮುಗಿದದ್ದನ್ನು ಕಾಣುವವನು ಗಡಿಯಾರ ಹಿಡಿದವನೊಬ್ಬನೇ. ಅವನೂ ಆತಿಥೇಯ ಶಾಲೆಯವನೇ ಆದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಸೋತ ಹುಡುಗರಿಗೆ ‘ಸುಮ್ಮನಿರಿ, ಕ್ರೀಡಾ ಮನೋಭಾವ ಇರಲಿ’ ಎಂದು ಬುದ್ಧಿ ಹೇಳುವ ಹಿರಿಯರನ್ನು ನಾನು ಬಹಳ ಕಂಡಿದ್ದೇನೆ. ಅನ್ಯಾಯವನ್ನು ನುಂಗುವುದು ಕ್ರೀಡಾ ಮನೋಭಾವವಲ್ಲ.

ತಿಕೋಟಾ, ಬಬಲೇಶ್ವರಗಳ ಕಡೆ ದೈಹಿಕ ಶಿಕ್ಷಕರಾಗಿರುವ ನನ್ನ ಶಿಷ್ಯರೇ, ಕ್ಯಾಮೆರಾ ಇಲ್ಲವೆಂದು ಕೈಚೆಲ್ಲಬೇಡಿ. ಎರಡು ಸ್ಟಾಪ್‌ವಾಚ್ ಇರಲಿ. ಅವು ಆಡದ ಮೂರನೆಯ ಶಾಲೆಯವರ ಕೈಯಲ್ಲಿರಲಿ. ತಕರಾರು ಬಂದರೆ ಉಳಿದ ಸಮಯವನ್ನು ಅಂಕಪಟ್ಟಿಯಲ್ಲಿ ಬರೆದು ಇಬ್ಬರು ನಾಯಕರಿಗೂ ತೋರಿಸಿರಿ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು. ಹದಿಮೂರು ವರ್ಷದ ಹುಡುಗನಿಗೆ ನ್ಯಾಯದ ಮೊದಲ ಪಾಠ ಪೌರನೀತಿ ಪುಸ್ತಕದಲ್ಲಲ್ಲ, ಆ ಮೈದಾನದಲ್ಲೇ ಸಿಗುತ್ತದೆ.